ತಾಮ್ರದ ತಂತಿಯಲ್ಲಿ ಹೊಲಿದ ದೋಣಿ

ರಿಬಂದರ್, ಪಣಜಿ
ಅಕ್ಟೋಬರ್ 19

ಅಪ್ಪಾ,

ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಮ್ಮನಿಗೂ ಅಜ್ಜಿಗೂ ಓದಿ ಹೇಳು. ಅಜ್ಜಿಗೆ ಗೋವೆ ಇನ್ನೂ ಪರದೇಶವೇ. 1961ರವರೆಗೆ ಇಲ್ಲಿ ಪೋರ್ಚುಗೀಸರಿದ್ದರಲ್ಲ, ಆಗಿನ ಗಡಿ ಅವಳ ಮನಸ್ಸಿನಲ್ಲಿ ಹಾಗೇ ಉಳಿದಿದೆ. ನಾನು ಚೆನ್ನಾಗಿದ್ದೇನೆ, ಊಟಕ್ಕೆ ಕುಚ್ಚಲಕ್ಕಿ ಸಿಗುತ್ತದೆ ಅಂತ ಹೇಳು.

ನಾನೊಂದು ದೋಣಿ ತಗೊಂಡಿದ್ದೇನೆ. ಹಾಯಿ ದೋಣಿ, ಹಳೆಯದು. ಬೈಯುವ ಮೊದಲು ಪೂರ್ತಿ ಓದು.

ನಮ್ಮ ಓಣಿಯ ಕೊನೆಯ ಮನೆಯವರು ಹಿಂದೆ ಹಡಗಿನಲ್ಲಿ ಕೆಲಸಕ್ಕಿದ್ದರು. ಇಂಗ್ಲೆಂಡಿನಿಂದ ಬಿಡಿಭಾಗ ತಂದು ತಮ್ಮ ಅಂಗಳದಲ್ಲೇ ಇದನ್ನು ಕಟ್ಟಿದ್ದರಂತೆ. ಈಗ ವಯಸ್ಸಾಗಿದೆ, ಮೊಣಕಾಲು ಬಗ್ಗುವುದಿಲ್ಲ. ‘ಸರಿಮಾಡಿ ನೀರಿಗಿಳಿಸುವುದಾದರೆ ಮಾತ್ರ ಕೊಡುತ್ತೇನೆ’ ಅಂದರು. ನಾನು ಒಪ್ಪಿಕೊಂಡೆ. ದುಡ್ಡು ಬಹಳ ಕಡಿಮೆ ತಗೊಂಡರು.

ಈ ಮಾದರಿಯ ದೋಣಿಗೆ ಮಿರರ್ ಅಂತ ಹೆಸರು. 1963ರಲ್ಲಿ ಅಲ್ಲಿನ ಡೈಲಿ ಮಿರರ್ ಪತ್ರಿಕೆಯವರು ತಂದದ್ದು. ಜ್ಯಾಕ್ ಹೋಲ್ಟ್ ಅನ್ನುವ ದೋಣಿ ವಿನ್ಯಾಸಗಾರ ಮತ್ತು ಮನೆಯಲ್ಲೇ ಮರಗೆಲಸ ಮಾಡುವುದನ್ನು ಟಿವಿಯಲ್ಲಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್ ಸೇರಿ ರೂಪಿಸಿದರು. ಕೆಲಸ ಗೊತ್ತಿಲ್ಲದವರೂ ಮನೆಯಲ್ಲಿ ಕಟ್ಟಿಕೊಳ್ಳಬೇಕು ಅನ್ನುವುದು ಅವರ ಆಸೆ. 70,000ಕ್ಕೂ ಜಾಸ್ತಿ ದೋಣಿ ಆಗಿವೆ. ಉದ್ದ 3.3 ಮೀಟರ್, ಬರೀ ಮೈಯ ತೂಕ ಸುಮಾರು 45 ಕಿಲೋ. ನಾನು, ಪಕ್ಕದ ಮನೆಯ ಹುಡುಗ ಇಬ್ಬರೇ ಎತ್ತಿ ಶೆಡ್ಡಿಗೆ ತಂದೆವು.

ಈಗ ನಿನಗೆ ಹೇಳಲೇಬೇಕಾದ ಮಾತು. ಅಡಿಯ ಅಂಚಿನಲ್ಲಿ ಬಣ್ಣ ಕೆರೆಯುತ್ತಿದ್ದೆ. ಹಲಗೆ ಕೂಡುವ ಕಡೆ ಚಿಕ್ಕ ಚಿಕ್ಕ ಹಸಿರು ಚುಕ್ಕೆ ಕಂಡವು, ಸಾಲಾಗಿ, ಜೋಡಿ ಜೋಡಿಯಾಗಿ. ಪಾಚಿ ಅಂದುಕೊಂಡು ಉಗುರಿನಿಂದ ಕೆರೆದರೆ ಒಳಗೆ ಕೆಂಪಗೆ ಹೊಳೆಯಿತು. ತಾಮ್ರ! ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ತಿರುಚಿ ಬಿಗಿ ಮಾಡಿದ್ದಾರೆ. ಒಳಗಿನಿಂದ ಫೈಬರ್ ಪಟ್ಟಿ ಇಟ್ಟು ರೆಸಿನ್ ಅನ್ನುವ ಅಂಟು ಹಚ್ಚಿ, ಹೊರಗೆ ಉಳಿದ ತಂತಿ ಕತ್ತರಿಸಿದ್ದಾರೆ. ಹೊಲಿದ ದೋಣಿ ಅಪ್ಪಾ ಇದು. ಅಜ್ಜನ ಕಾಲದ ರಂಪಣಿ ದೋಣಿಗೆ ತೆಂಗಿನ ನಾರಿನ ಹಗ್ಗ ಹಾಕಿ ಹೊಲಿಯುತ್ತಿದ್ದರು ಅಂತ ನೀನು ಹೇಳುತ್ತಿದ್ದೆಯಲ್ಲ, ಅದೇ ಕೆಲಸ. 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ನೆನಪಿದೆಯಾ? ಗೋವೆಯಲ್ಲೇ ನಾರಿನ ಹಗ್ಗದಿಂದ ಹೊಲಿದ ಹಡಗು ಅದು, ಹಾಯಿಯ ಮೇಲೆ ಗಂಡಭೇರುಂಡ. ಅವತ್ತು ಟಿವಿಯ ಮುಂದೆ ನೀನು ಎದ್ದು ನಿಂತುಬಿಟ್ಟಿದ್ದೆ. ಆ ಹಸಿರು ಚುಕ್ಕೆ ಕಂಡಾಗ ನನಗೂ ಹಾಗೇ ಆಯಿತು.

ಹಾಯಿ ಕೆಂಪು. ಬಟ್ಟೆ ಇನ್ನೂ ಗಟ್ಟಿ ಇದೆ, ಹೊಲಿಗೆ ಮಾತ್ರ ಬಿಸಿಲಿಗೆ ಪುಡಿಯಾಗಿದೆ. ಹಾಯಿಕಂಬ ಗಿಡ್ಡ. ಅದರ ಮೇಲೆ ಇನ್ನೊಂದು ಗಳ ನೆಟ್ಟಗೆ ಏರುತ್ತದೆ, ಹಾಯಿ ಅದಕ್ಕೆ ಕಟ್ಟಿರುತ್ತದೆ. ಇಳಿಸಿದರೆ ಎಲ್ಲವೂ ದೋಣಿಯೊಳಗೇ ಹಿಡಿಸುತ್ತದೆ. ಎಷ್ಟು ಒಳ್ಳೆಯ ಯೋಚನೆ ನೋಡು. ರಾಟೆಗಳು ಟಫ್ನಾಲ್‌ನವು. ಬಟ್ಟೆಯನ್ನು ರೆಸಿನ್‌ನಲ್ಲಿ ಅದ್ದಿ ಒತ್ತಿ ಮಾಡಿದ ಕಂದು ಬಣ್ಣದ ಗಟ್ಟಿ ವಸ್ತು ಅದು, ತುಕ್ಕು ಹಿಡಿಯುವುದಿಲ್ಲ. ಸೋಪಿನ ನೀರಲ್ಲಿ ತೊಳೆದೆ, ಸಲೀಸಾಗಿ ತಿರುಗಿದವು. ಚುಕ್ಕಾಣಿಯ ಕೀಲು ಸವೆದಿದೆ, ಹೊಸದು ಮಾಡಿಸಬೇಕು. ಕಂಬ ಹಿಡಿಯುವ ತಂತಿಯ ಎಳೆಗಳು ಅಲ್ಲಲ್ಲಿ ತುಂಡಾಗಿವೆ. ಅದನ್ನು ನಂಬುವುದಿಲ್ಲ, ಪೂರ್ತಿ ಬದಲಾಯಿಸುತ್ತೇನೆ.

ಒಂದು ತಪ್ಪು ಮಾಡಿದೆ. ಹಳೆಯ ಪಟ್ಟಿ ಕೆಲವು ಕಡೆ ಎದ್ದಿತ್ತು. ಆಗ ಹಾಕುತ್ತಿದ್ದ ಪಾಲಿಯೆಸ್ಟರ್ ರೆಸಿನ್ ಮರಕ್ಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ವರ್ಷ ಕಳೆದಂತೆ ಬಿಡುತ್ತದೆ. ಅದರ ಬದಲು ಎಪಾಕ್ಸಿ ಅನ್ನುವ ಅಂಟು ಕೊಂಡು ತಂದೆ. ತಡೆಯಲಾಗದೆ ಜುಲೈ ಮಳೆಯಲ್ಲೇ ಹಚ್ಚಿದೆ. ಥಂಡಿ ಗಾಳಿಗೆ ಮೇಲೆ ಮೇಣದಂಥ ಜಿಡ್ಡು ಕೂತಿತ್ತು. ಅದನ್ನು ನೀರಿನಿಂದ ತೊಳೆದು ಉಜ್ಜದೆ ಎರಡನೇ ಸಲ ಹಚ್ಚಿಬಿಟ್ಟೆ. ವಾರದಲ್ಲಿ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಎರಡು ಭಾನುವಾರ ಅದನ್ನು ಕೆರೆಯುವುದಕ್ಕೇ ಹೋಯಿತು. ಈಗ ಮಳೆ ನಿಂತಿದೆ, ಬಿಸಿಲು ಬಂದ ಮೇಲೆ ಮಾತ್ರ ಮುಟ್ಟುತ್ತೇನೆ.

ಉಳಿದಿರುವುದು ಹಲಗೆಯ ಪರೀಕ್ಷೆ. ಪ್ಲೈವುಡ್ ಪದರದೊಳಗೆ ನೀರು ಹೊಕ್ಕರೆ ಹೊರಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ನಾನು ಬೆರಳಿನಿಂದ ತಟ್ಟಿ ನೋಡಿದೆ. ಮೂತಿಯ ಹತ್ತಿರ, ಬಲಗಡೆ, ಒಂದು ಕೈಯಗಲ ಜಾಗದಲ್ಲಿ ಸದ್ದು ಮಂಕಾಗಿದೆ. ಕೊಳೆತಿದೆಯೋ, ಒಳಗಿನ ಪಟ್ಟಿ ಮಾತ್ರ ಬಿಟ್ಟಿದೆಯೋ ತಿಳಿಯುತ್ತಿಲ್ಲ. ನೀನು ಕೊಡತಿಯ ಹಿಡಿಯಿಂದ ತಟ್ಟಿ, ತಲೆ ವಾರೆ ಮಾಡಿ ಕೇಳಿ, ‘ಇಲ್ಲಿಂದ ಇಲ್ಲಿಗೆ ತೆಗಿ’ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಆ ಗೆರೆ ನನಗೆ ಬೇಕು. ಆ ಕಿವಿ ಇಲ್ಲಿ ಯಾರಿಗೂ ಇಲ್ಲ.

ದೀಪಾವಳಿ ಮುಗಿಸಿ ಬಾ. ಅಂಕೋಲೆಯಲ್ಲಿ ರೈಲು ಹತ್ತಿ ಕರ್ಮಲಿಯಲ್ಲಿ ಇಳಿ, ಸ್ಟೇಷನ್ನಿಗೆ ನಾನೇ ಬರುತ್ತೇನೆ. ಅಮ್ಮನೂ ಬರಲಿ. ನೀನು ನೋಡುವವರೆಗೆ ಆ ಜಾಗಕ್ಕೆ ಕೈ ಹಾಕುವುದಿಲ್ಲ. ಕೊಡತಿ ಹಳೆಯದೇ ತಾ, ಹುಣಸೆ ಮರದ್ದು.

ನಿನ್ನ ಮಗ