ಸಿಲಿಂಡರ್ ಪೇರಿಸಿ ಇಡಬೇಡಿ

ಹುಬ್ಬಳ್ಳಿಯ ಖಾನಾವಳಿ ಬಳಗದ ಅಣ್ಣಂದಿರೇ, ಅಕ್ಕಂದಿರೇ,

ಹೊರ್ಮುಜ್ ಜಲಸಂಧಿಯಲ್ಲಿ ಹಡಗುಗಳಿಗೆ ಅಡ್ಡಿಯಾಗಿ ಅಡುಗೆ ಅನಿಲ ಸಿಗದೇ ಹೋದೀತು ಎಂಬ ಸುದ್ದಿಗೆ ನಿಮಗಾದ ಗಾಬರಿ ಸುಳ್ಳಲ್ಲ. ಇರಾನ್ ಮತ್ತು ಒಮಾನ್ ನಡುವಿನ ಆ ದಾರಿ ತೀರಾ ಕಿರಿದಾದಲ್ಲಿ ಸುಮಾರು 33 ಕಿ.ಮೀ.; ಹಡಗುಗಳ ಪಥವಂತೂ ಹೋಗಲು 3, ಬರಲು 3 ಕಿ.ಮೀ. ಅಗಲವಷ್ಟೇ. 2024ರಲ್ಲಿ ಜಗತ್ತು ಬಳಸಿದ ತೈಲದ ಐದನೇ ಒಂದು ಭಾಗ ಅಲ್ಲಿಂದಲೇ ಸಾಗಿತ್ತು. ನಮ್ಮ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದಿನದು, ಅದರಲ್ಲೂ ಬಹುಪಾಲು ಕೊಲ್ಲಿ ರಾಷ್ಟ್ರಗಳದು. ಕಚ್ಚಾ ತೈಲವನ್ನು ಸೌದಿಯವರು ಕೊಳವೆಯಲ್ಲಿ ಕೆಂಪು ಸಮುದ್ರಕ್ಕೆ ಸಾಗಿಸಬಲ್ಲರು. ಕತಾರಿನ ಅನಿಲದ ಹಡಗಿಗೆ ಬೇರೆ ದಾರಿಯೇ ಇಲ್ಲ.

ಆದರೂ ಒಲೆಯ ಪಕ್ಕ ತುಂಬಿದ ಸಿಲಿಂಡರ್ ಪೇರಿಸಬೇಡಿ, ಕೈಮುಗಿದು ಕೇಳುತ್ತೇನೆ. ಸೋರಿದ ಅನಿಲ ಗಾಳಿಗಿಂತ ಭಾರ, ರೊಟ್ಟಿ ಬಡಿಯಲು ಕೂತವರ ಕಾಲಬಳಿಯೇ ನಿಲ್ಲುತ್ತದೆ. ಕಟ್ಟಿಗೆ ಒಲೆ ಉಳಿಸಿಕೊಂಡವರು ಇಂದೇ ಇಲ್ಲಿ ತಿಳಿಸಿ. ಯಾರದಾದರೂ ಸಿಲಿಂಡರ್ ಮುಗಿದರೆ ಅವರ ರೊಟ್ಟಿಯನ್ನು ಆ ಕಟ್ಟಿಗೆ ಒಲೆಗಳಲ್ಲೇ ಬೇಯಿಸೋಣ.