ರೌಟರ್ ಆಫ್ ಮಾಡಿ ಅನ್ನೋ ಮೊದ್ಲು ಲೈಟ್ ಯಾವ ಬಣ್ಣ ಇದೆ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ,

ಮಳೆಗಾಲ ಶುರು ಆಯ್ತು ಅಂದ್ರೆ ನಮ್ಮ ಸಾಗರದ ಕಡೆ ಹಳ್ಳಿಗಳಲ್ಲಿ ಇಂಟರ್ನೆಟ್ ಕೈ ಕೊಡೋದು ಮಾಮೂಲಿ, ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಏನೇ ಹೇಳ್ಲಿ ಅವ್ರ ಬಾಯಿಂದ ಬರೋ ಮೊದಲನೇ ಮಾತು ಒಂದೇ, "ಸರ್ ಒಂದ್ಸಲ ರೌಟರ್ ಆಫ್ ಮಾಡಿ ಆನ್ ಮಾಡಿ". ಈ ಸಲಹೆ ತಪ್ಪು ಅಂತ ನಾನು ಹೇಳ್ತಿಲ್ಲ, ಎಷ್ಟೋ ಸಲ ಅದೇ ಸರಿಯಾದ ಮದ್ದು. ಆದ್ರೆ ಅದು ಯಾವ ತೊಂದ್ರೆಗೆ ಮದ್ದು, ಯಾವುದಕ್ಕೆ ಅಲ್ಲ ಅಂತ ಜನಕ್ಕೆ ಯಾರೂ ಬಿಡಿಸಿ ಹೇಳಲ್ಲ. ಕಂಪನಿಯವರು ಎಲ್ಲಾ ಕಂಪ್ಲೇಂಟಿಗೂ ಇದನ್ನೇ ಹೇಳಿ ದಿನ ದೂಡ್ತಿದ್ದಾರೆ. ಅದಕ್ಕೇ ಈ ಪತ್ರ ಬರೀತಿದೀನಿ.

ಮೊದ್ಲು ಆಫ್ ಮಾಡಿ ಆನ್ ಮಾಡಿದ್ರೆ ಯಾಕೆ ಸರಿ ಹೋಗತ್ತೆ ಅಂತ ನೋಡೋಣ. ರೌಟರ್ ಅಂದ್ರೆ ಬರೀ ವಯರ್ ಜೋಡಿಸೋ ಡಬ್ಬಿ ಅಲ್ಲ, ಒಳಗೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಸುಮಾರು ರೌಟರ್‌ಗಳಲ್ಲಿ ಕಂಪ್ಯೂಟರ್ ನಡೆಸೋ ಲಿನಕ್ಸ್ ಅನ್ನೋ ಸಾಫ್ಟ್‌ವೇರೇ ಓಡ್ತಿರತ್ತೆ, ಅಂದ್ರೆ ಅದೂ ಒಂದು ಪುಟ್ಟ ಕಂಪ್ಯೂಟರ್. ಮನೇಲಿರೋ ಮೊಬೈಲು, ಟೀವಿ, ಲ್ಯಾಪ್‌ಟಾಪು ಯಾವ್ಯಾವ ಸರ್ವರ್ ಜೊತೆ ಮಾತಾಡ್ತಿವೆ ಅನ್ನೋ ಲೆಕ್ಕ ಎಲ್ಲಾ ಆ ಮೆಮೊರಿಲಿ ಬರ್ಕೊಂಡಿರತ್ತೆ. ತಿಂಗಳುಗಟ್ಲೆ ನಿಲ್ಲಿಸ್ದೆ ಓಡಿದ್ರೆ ಆ ಪಟ್ಟಿ ತುಂಬ್ಕೊಳ್ಳತ್ತೆ, ಒಳಗಿನ ಯಾವುದೋ ಪ್ರೋಗ್ರಾಮು ತಗೊಂಡ ಮೆಮೊರಿ ವಾಪಸ್ ಬಿಡಲ್ಲ, ಆಮೇಲೆ ವೈಫೈ ಫುಲ್ ತೋರಿಸ್ತಾ ಇದ್ರೂ ಪೇಜ್ ಮಾತ್ರ ಸುತ್ತುತಾನೇ ಇರತ್ತೆ. ಕರೆಂಟ್ ತೆಗೆದ್ರೆ ಆ ಮೆಮೊರಿ ಪೂರ್ತಿ ಅಳಿಸಿ ಹೋಗಿ ಎಲ್ಲಾ ಹೊಸದಾಗಿ ಶುರು ಆಗತ್ತೆ. ಬೂಟ್ ಆಗೋವಾಗ ಸುಮಾರು ರೌಟರ್‌ಗಳು ಅಕ್ಕಪಕ್ಕದ ವೈಫೈ ನೋಡಿ ಖಾಲಿ ಇರೋ ಚಾನೆಲ್‌ನೂ (ವೈಫೈ ಸಿಗ್ನಲ್ ಓಡಾಡೋ ದಾರಿ) ಹುಡುಕ್ಕೊಳ್ತವೆ, ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇರೋರಿಗೆ ರೀಸ್ಟಾರ್ಟ್ ಮಾಡಿದ್ಮೇಲೆ ಸ್ಪೀಡ್ ಜಾಸ್ತಿ ಆದಂಗೆ ಅನ್ಸೋದಕ್ಕೆ ಇದೂ ಒಂದು ಕಾರಣ. ಯಾಕಂದ್ರೆ ಹೆಚ್ಚಿನ ವೈಫೈಗಳು ಬಳಸೋ 2.4 ಗಿಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಒಂದರ ಮೇಲೊಂದು ಬೀಳದೇ ಇರೋ ಚಾನೆಲ್ ಅಂದ್ರೆ 1, 6, 11 ಮೂರೇ.

ಇನ್ನೊಂದು ಲಾಗಿನ್ ವಿಷ್ಯ. ಎಷ್ಟೋ ಕಡೆ ನಮ್ಮ ಕನೆಕ್ಷನ್ನಿನ ಯೂಸರ್‌ನೇಮ್ ಪಾಸ್‌ವರ್ಡ್ ರೌಟರ್ ಒಳಗೇ ಸೇವ್ ಆಗಿರತ್ತೆ, ಆನ್ ಆದ ಕೂಡ್ಲೇ ಅದೇ ಲಾಗಿನ್ ಆಗತ್ತೆ. ಕರೆಂಟ್ ಪಟ್ ಅಂತ ಹೋಗಿ ಬಂದಾಗ ಆ ಕಡೆಯ ಸರ್ವರ್ ಹಳೇ ಲಾಗಿನ್ ಇನ್ನೂ ನಡೀತಿದೆ ಅಂದ್ಕೊಂಡು ಹೊಸದನ್ನ ಬಿಡದೇ ಇರೋದುಂಟು. ಆಗ ಸ್ವಿಚ್ ಆಫ್ ಮಾಡಿ ತಕ್ಷಣ ಆನ್ ಮಾಡಿದ್ರೆ ಪ್ರಯೋಜನ ಇಲ್ಲ, ನಾಲ್ಕೈದು ನಿಮಿಷ ಆಫ್ ಮಾಡಿಟ್ಟು ಆಮೇಲೆ ಹಾಕ್ಬೇಕು. ಬೇರೆ ತೊಂದ್ರೆಗೂ ಅರ್ಧ ನಿಮಿಷ ಆದ್ರೂ ಬಿಡೋದು ಒಳ್ಳೇದು, ಪ್ಲಗ್ ತೆಗೆದ್ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳ್ಕೊಂಡಿರತ್ತೆ. ಆನ್ ಮಾಡಿದ್ಮೇಲೂ ಎರಡು ಮೂರು ನಿಮಿಷ ಕಾಯ್ಬೇಕು, ಬಂದಿಲ್ಲ ಅಂತ ಮತ್ತೆ ಮತ್ತೆ ಸ್ವಿಚ್ ಒತ್ತೋರೇ ಜಾಸ್ತಿ.

ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ, ಇದು ಮಾತ್ರ ಎಲ್ರಿಗೂ ಗೊತ್ತಿರ್ಲೇಬೇಕು. ರೌಟರ್ ಹಿಂದೆ ಒಂದು ಸಣ್ಣ ತೂತು ಇರತ್ತಲ್ಲ, ಅದ್ರೊಳಗೆ ಪಿನ್ ಹಾಕಿ ಒತ್ತಿ ಹಿಡಿದ್ರೆ ಸೇವ್ ಆಗಿರೋ ಸೆಟ್ಟಿಂಗ್ಸ್ ಅಷ್ಟೂ ಹೋಗತ್ತೆ, ವೈಫೈ ಹೆಸರು, ಪಾಸ್‌ವರ್ಡು, ಲಾಗಿನ್ನು ಎಲ್ಲಾ. ಆಮೇಲೆ ಎಷ್ಟೋ ಕಡೆ ಕಂಪನಿ ಕಡೆಯವರೇ ಬಂದು ಮತ್ತೆ ಹಾಕ್ಕೊಡೋ ತನಕ ನೆಟ್ ಇಲ್ಲ. ಫೋನಲ್ಲಿ ಹೇಳೋರು ಈ ಎರಡು ಶಬ್ದನೂ ಕಲಸಿ ಹೇಳ್ತಾರೆ, ಕೇಳಿಸ್ಕೊಂಡ ಮನೆಯವ್ರು ಪಿನ್ ಹುಡುಕ್ತಾರೆ.

ಈಗ ನನ್ನ ಮುಖ್ಯ ತಕರಾರು. ಫೈಬರ್ ಕನೆಕ್ಷನ್ ಇರೋ ಡಬ್ಬಿ ಮೇಲೆ ಎಲ್‌ಓಎಸ್ ಅಂತ ಒಂದು ಲೈಟ್ ಇರತ್ತೆ. ಅದು ಕೆಂಪಗೆ ಮಿಣಮಿಣ ಅಂತಿದ್ರೆ ಫೈಬರ್ ಒಳಗಿಂದ ಬರ್ಬೇಕಾದ ಬೆಳಕೇ ಮನೆಗೆ ತಲುಪ್ತಿಲ್ಲ ಅಂತ ಅರ್ಥ. ಪಕ್ಕದಲ್ಲಿ ಪಾನ್ (PON) ಅಂತ ಬರೆದಿರೋ ಲೈಟ್ ಹಸಿರಾಗಿ ನಿಂತಿದ್ರೆ ಲೈನ್ ಸರಿ ಇದೆ. ಎಲ್‌ಓಎಸ್ ಕೆಂಪಾಗಿದ್ದಾಗ ರೌಟರ್‌ನ ನೂರು ಸಲ ಆಫ್ ಆನ್ ಮಾಡಿದ್ರೂ ಏನೂ ಆಗಲ್ಲ. ಫೈಬರ್ ಕನೆಕ್ಟರ್ ಸಡಿಲ ಆಗಿದ್ಯಾ, ವಯರ್ ಎಲ್ಲಾದ್ರೂ ಚೂಪಾಗಿ ಮಡಚಿದ್ಯಾ ಅಂತ ಒಂದ್ಸಲ ನೋಡ್ಬಹುದು, ಅಷ್ಟೇ ನಮ್ಮ ಕೈಲಾಗೋದು. (ಕನೆಕ್ಟರ್ ಕಳಚಿದ್ರೆ ಅದರ ತುದಿ ಕಣ್ಣಿಗೆ ಹಿಡಿದು ನೋಡೋಕೆ ಹೋಗ್ಬೇಡಿ, ಅದ್ರಲ್ಲಿ ಬರೋ ಲೇಸರ್ ಬೆಳಕು ಕಣ್ಣಿಗೆ ಕಾಣಲ್ಲ ಆದ್ರೆ ಕಣ್ಣಿಗೆ ಒಳ್ಳೇದಲ್ಲ. ಮಕ್ಕಳಿರೋ ಮನೇಲಿ ಇನ್ನೂ ಹುಷಾರು.)

ಹೋದ ಮಳೆಗಾಲದಲ್ಲಿ ನಮ್ಮ ಪಕ್ಕದ್ಮನೆ ಅಜ್ಜಿಗೆ ಇದೇ ಆಯ್ತು. ಮಗ ಸೊಸೆ ಹೊರದೇಶದಲ್ಲಿ, ಅಜ್ಜಿಗೆ ಮೊಮ್ಮಗನ ಮುಖ ನೋಡೋಕೆ ವಾಟ್ಸಾಪ್ ಕಾಲ್ ಒಂದೇ ದಾರಿ, ನಮ್ಮೂರಲ್ಲಿ ಮೊಬೈಲ್ ಟವರ್ ಸಿಗ್ನಲ್ ಮನೆ ಒಳಗೆ ಬರಲ್ಲ. ಎಲ್‌ಓಎಸ್ ಕೆಂಪಾಗಿದೆ ಅಂತ ನಾನೇ ಫೋನಲ್ಲಿ ಬಿಡಿಸಿ ಹೇಳಿದೆ, ಆ ಕಡೆಯಿಂದ "ಮೇಡಂ ಹತ್ರ ರೌಟರ್ ಆಫ್ ಮಾಡ್ಸಿ ಸರ್" ಅಂತಾನೇ ಉತ್ತರ. ಆಫ್ ಮಾಡಿ ಆನ್ ಮಾಡಿದ ಮೇಲೂ ಬರ್ಲಿಲ್ಲ ಅಂದ್ರೆ "24 ಗಂಟೆ ಕಾದು ನೋಡಿ". ಕಡೆಗೆ ಲೈನ್ ಹುಡುಗ ಬಂದಿದ್ದು ಎಷ್ಟೋ ದಿನ ಆದ್ಮೇಲೆ. ಬಂದವನು ತುಂಬಾ ಚೆನ್ನಾಗಿ ಕೆಲಸ ಮಾಡ್ದ, ಅವನ ಮೇಲೆ ನನಗೆ ಒಂಚೂರೂ ಬೇಜಾರಿಲ್ಲ. ಜೇಬಿಂದ ಫೈಬರಿನ ಬೆಳಕು ಅಳೆಯೋ ಪವರ್ ಮೀಟರ್ ತೆಗೆದು ಫೈಬರ್ ತುದಿಗೆ ಸಿಕ್ಕಿಸಿ ನೋಡ್ದ, ಏನೂ ತೋರಿಸ್ಲಿಲ್ಲ. "ಮೈನಸ್ 20 ಆಸುಪಾಸು ಇದ್ರೆ ಆರಾಮ, 27 ದಾಟಿದ್ರೆ ಕಷ್ಟ, ಇಲ್ಲಿ ಪವರ್ರೇ ಇಲ್ವಲ್ಲ" ಅಂದವನು ಛತ್ರಿ ಹಿಡ್ಕೊಂಡು ತೋಟದ ಬೇಲಿ ಹಿಡಿದು ಹೊರಟ. ಅಡಿಕೆ ಸೋಗೆ ಬಿದ್ದು ಕಂಬಗಳ ಮಧ್ಯೆ ಎಳೆದಿದ್ದ ಫೈಬರ್ ತುಂಡಾಗಿತ್ತು. ಕೂದಲೆಳೆಯಷ್ಟು ಸಣ್ಣ ಗಾಜು ಅದು, ಎರಡೂ ತುದಿ ಒರೆಸಿ, ಸಮ ಕಟ್ ಮಾಡಿ, ಮಿಷಿನ್ನಲ್ಲಿ ಇಟ್ಟು ಬೆಸೆದ. ಅವನು ಇನ್ನೂ ಸಾಮಾನು ಕಟ್ಟೋದ್ರೊಳಗೆ ಅಜ್ಜಿ ಮನೆ ಪಾನ್ ಲೈಟ್ ಹಸಿರಾಯ್ತು. ಇಷ್ಟು ಕೆಲಸಕ್ಕೆ ಅಷ್ಟು ದಿನ ಕಾಯಿಸಿದ್ರಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ಫೋನ್ ಎತ್ತಿದೋರು ಲೈಟಿನ ಬಣ್ಣ ಬರ್ಕೊಂಡು ಅವತ್ತೇ ಆ ಹುಡುಗನಿಗೆ ಕಳಿಸಿದ್ರೆ ಸಾಕಿತ್ತು.

ರೀಸ್ಟಾರ್ಟ್ ಬಗ್ಗೆ ಇನ್ನೊಂದು ಮಾತು ಹೇಳ್ಬೇಕು. 2018ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ, ಮನೆ ಮತ್ತು ಸಣ್ಣ ಆಫೀಸಲ್ಲಿ ರೌಟರ್ ಇಟ್ಕೊಂಡಿರೋರು ಎಲ್ಲಾ ಒಂದ್ಸಲ ರೀಬೂಟ್ ಮಾಡಿ ಅಂತ ಬಹಿರಂಗವಾಗಿ ಕೇಳ್ಕೊಂಡಿತ್ತು. ವಿಪಿಎನ್‌ಫಿಲ್ಟರ್ ಅನ್ನೋ ಮಾಲ್‌ವೇರ್ (ಹಾನಿ ಮಾಡೋ ಪ್ರೋಗ್ರಾಮು) 54 ದೇಶಗಳಲ್ಲಿ ಕಮ್ಮಿ ಅಂದ್ರೂ 5 ಲಕ್ಷ ರೌಟರು ಮತ್ತು ಸ್ಟೋರೇಜ್ ಡಬ್ಬಿಗಳಿಗೆ ಹೊಕ್ಕಿತ್ತು. ರೀಬೂಟ್ ಮಾಡಿದ್ರೆ ಅದರ ಅಪಾಯದ ಭಾಗ ಅಳಿಸಿ ಹೋಗ್ತಿತ್ತು, ಆದ್ರೆ ಬೇರು ಒಳಗೇ ಉಳೀತಿತ್ತು, ಅದನ್ನ ತೆಗೆಯೋಕೆ ರೀಸೆಟ್ ಮಾಡಿ ಫರ್ಮ್‌ವೇರ್ (ರೌಟರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಹಾಕ್ಲೇಬೇಕಿತ್ತು. ನಮ್ಮ ಮನೆಗಳಲ್ಲಿ ರೌಟರ್ ತಂದ ದಿನದ ಅಡ್ಮಿನ್ ಪಾಸ್‌ವರ್ಡ್ ಹಂಗೇ ಇರತ್ತೆ, ಯಾರೂ ಬದಲಾಯಿಸಲ್ಲ, ಹಾಕಿ ಹೋದವ್ರೂ ಹೇಳಲ್ಲ.

ಮಲೆನಾಡಲ್ಲಿ ಇರೋರಿಗೆ ಸಿಡಿಲಿನ ವಿಷ್ಯ ಹೇಳೋದೇ ಬೇಡ, ಆದ್ರೂ ಹೇಳ್ತೀನಿ. ಫೈಬರ್ ಗಾಜು, ಅದ್ರಲ್ಲಿ ಕರೆಂಟ್ ಹರಿಯಲ್ಲ ಅಂತ ಧೈರ್ಯವಾಗಿ ಇರೋರಿದ್ದಾರೆ, ರೌಟರ್ ಸುಡೋದು ಕರೆಂಟ್ ಲೈನಿಂದ ಅಡಾಪ್ಟರ್ ಮೂಲಕ. ಗುಡುಗು ಶುರು ಆಗೋ ಮೊದ್ಲೇ ಬರೀ ಸ್ವಿಚ್ ಅಲ್ಲ, ಪ್ಲಗ್ಗೇ ಕಿತ್ತಿಡಿ. ಇನ್ನು ಕರೆಂಟ್ ಪದೇ ಪದೇ ಹೋಗೋ ಊರಾದ್ರೆ ರೌಟರಿಗೇ ಅಂತ ಸಣ್ಣ 12 ವೋಲ್ಟ್ ಯುಪಿಎಸ್ ಸಿಗತ್ತೆ, ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್ ಮತ್ತು ಆಂಪ್ಸ್ ನೋಡಿ ತಗೊಳ್ಳಿ.

ಕಂಪ್ಲೇಂಟ್ ಕೊಡೋ ಓದುಗರಿಗೆ ಒಂದು ವಿನಂತಿ, ನಂಬರ್ ಇಸ್ಕೊಳ್ದೇ ಫೋನ್ ಇಡ್ಬೇಡಿ. ಫೋನ್, ಇಂಟರ್ನೆಟ್ ಕಂಪನಿಗಳ ಮೇಲೆ ಕಣ್ಣಿಡೋ ಟ್ರಾಯ್ ಅನ್ನೋ ಕೇಂದ್ರ ಸಂಸ್ಥೆ 2012ರಲ್ಲೇ ನಿಯಮ ಮಾಡಿದೆ, ಪ್ರತಿ ದೂರಿಗೂ ಕಂಪನಿ ಡಾಕೆಟ್ ನಂಬರ್ (ದೂರಿನ ನಂಬರ್) ಕೊಡ್ಲೇಬೇಕು, ಸರಿ ಮಾಡ್ಲಿಲ್ಲ ಅಂದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗ್ಬಹುದು, ಆಗ ಆ ನಂಬರ್ ಬೇಕೇ ಬೇಕು. "ಮೊದ್ಲು ರೀಸ್ಟಾರ್ಟ್ ಮಾಡಿ ನೋಡಿ, ಆಮೇಲೆ ಕಂಪ್ಲೇಂಟ್ ತಗೋತೀವಿ" ಅಂತ ಹೇಳಿ ನಂಬರ್ ಕೊಡದೇ ಇಡೋದು ನಡೀತಾನೇ ಇದೆ, ಇದನ್ನ ನಿಲ್ಲಿಸ್ಬೇಕು.

ಇಂಟರ್ನೆಟ್ ಕೊಡೋ ಎಲ್ಲಾ ಕಂಪನಿಗಳಿಗೆ, ಊರಿನ ಕೇಬಲ್ ಆಪರೇಟರ್‌ಗಳಿಗೂ ಸೇರಿ, ನನ್ನ ಬೇಡಿಕೆ ಇಷ್ಟು. ಕನೆಕ್ಷನ್ ಕೊಡೋ ದಿನವೇ ರೌಟರ್ ಮೇಲೆ ಕನ್ನಡದಲ್ಲಿ ಒಂದು ಸ್ಟಿಕ್ಕರ್ ಅಂಟಿಸಿ, ಯಾವ ಲೈಟ್ ಏನು ಹೇಳತ್ತೆ, ಯಾವಾಗ ಆಫ್ ಮಾಡಿ ಆನ್ ಮಾಡ್ಬೇಕು, ಯಾವ ತೂತಿಗೆ ಪಿನ್ ಹಾಕ್ಬಾರ್ದು ಅಂತ ದಪ್ಪ ಅಕ್ಷರದಲ್ಲಿ ಬರ್ದಿರ್ಲಿ. ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿದ ತಕ್ಷಣ ಕನ್ನಡದಲ್ಲಿ "ಎಲ್‌ಓಎಸ್ ಕೆಂಪಾಗಿದ್ರೆ 1 ಒತ್ತಿ" ಅಂತ ಬರ್ಲಿ, 1 ಒತ್ತಿದ್ರೆ ಅಲ್ಲೇ ಕಂಪ್ಲೇಂಟ್ ದಾಖಲಾಗಿ ಲೈನ್ ಹುಡುಗನ ಫೋನಿಗೆ ಹೋಗ್ಲಿ.

ಇಂತಿ ನಿಮ್ಮ ಓದುಗ,
ಸಾಗರ ತಾಲೂಕು, ಶಿವಮೊಗ್ಗ ಜಿಲ್ಲೆ