ಎವೆ, ಫೊನ್, ಗೆನ್: ಈ ಹೆಸರುಗಳಿಗೆ ಇಂಗ್ಲಿಷಿನ ಹಂಗೇಕೆ?

ಮಾನ್ಯ ಸಂಪಾದಕರೇ,

ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ದೇಶಗಳ ಸುದ್ದಿ ಕನ್ನಡ ಪತ್ರಿಕೆಗಳಿಗೆ ಬರುವುದು ಬಹುತೇಕ ಇಂಗ್ಲಿಷಿನ ಮೂಲಕ. ಆ ದಾರಿಯಲ್ಲಿ ಅಲ್ಲಿನ ಊರು, ಜನ, ನುಡಿಗಳ ಹೆಸರು ಎರಡು ಸಲ ಸವೆಯುತ್ತದೆ. ಮೊದಲು ಫ್ರೆಂಚರ, ಇಂಗ್ಲಿಷರ ಕಾಗುಣಿತದಲ್ಲಿ, ಆಮೇಲೆ ನಮ್ಮ ಅನುವಾದದ ಮೇಜಿನ ಮೇಲೆ. ನೋವಿನ ಸಂಗತಿಯೆಂದರೆ, ಹೀಗೆ ಕಳೆದುಹೋಗುವುದರಲ್ಲಿ ಒಂದಿಷ್ಟು ಇಂಗ್ಲಿಷಿನಲ್ಲಿ ಇಲ್ಲದಿದ್ದರೂ ಕನ್ನಡದಲ್ಲಿ ಇದೆ. ಅದನ್ನು ಉಳಿಸಿಕೊಳ್ಳಬಹುದು ಎಂದು ತಿಳಿಸಲು ಈ ಪತ್ರ.

ಘಾನಾದ ವೋಲ್ಟಾ ನದಿಯ ಆಸುಪಾಸಿನಿಂದ ನೈಜೀರಿಯಾದ ಪಶ್ಚಿಮ ಅಂಚಿನವರೆಗೆ ಹಬ್ಬಿರುವ, ಒಂದಕ್ಕೊಂದು ತೀರಾ ಹತ್ತಿರದ ಸುಮಾರು 20 ನುಡಿಗಳನ್ನು ಒಟ್ಟಾಗಿ 'ಗ್ಬೆ' ಎನ್ನುತ್ತಾರೆ. ಎವೆ, ಗೆನ್, ಅಜಾ, ಫೊನ್, ಫ್ಲಾ-ಫೆರಾ ಎಂದು ಅದರಲ್ಲಿ ಐದು ಗುಂಪು. ಗ್ಬೆ ಎಂದರೆ ಈ ಎಲ್ಲ ನುಡಿಗಳಲ್ಲೂ 'ಭಾಷೆ' ಎಂದೇ ಅರ್ಥ, ಹಾಗಾಗಿ 'ಫೊನ್‌ಗ್ಬೆ ಭಾಷೆ' ಎಂದು ಬರೆದರೆ ಭಾಷೆ ಎಂದು ಎರಡು ಸಲ ಹೇಳಿದಂತೆ. ಬೆನಿನ್‌ನ ಭಾಷಾವಿಜ್ಞಾನಿ ಹುಂಕ್ಪಾತಿ ಕಾಪೊ 1980ರಲ್ಲಿ ಈ ಹೆಸರನ್ನು ಸೂಚಿಸಿದರು. ಅದಕ್ಕೆ ಮುಂಚೆ, ಜರ್ಮನ್ ವಿದ್ವಾಂಸ ವೆಸ್ಟರ್‌ಮನ್ ಅವರ ಕಾಲದಿಂದ, ಇಡೀ ಗುಂಪನ್ನು 'ಎವೆ' ಎಂದು ಕರೆಯುವ ರೂಢಿಯಿತ್ತು. ಫೊನ್ ನುಡಿಯನ್ನು ಎವೆಯ ಉಪಭಾಷೆ ಎಂದು ಇಂದಿಗೂ ಬರೆಯುವವರು ಆ ಹಳೆಯ ರೂಢಿಯಲ್ಲೇ ಇದ್ದಾರೆ. ನಾಲ್ಕು ಎಂಬುದಕ್ಕೆ ಎರಡು ನುಡಿಗಳಲ್ಲೂ ಹೆಚ್ಚುಕಡಿಮೆ 'ಎನೆ' ಎನ್ನುತ್ತಾರೆ, ನಿಜ. ಆದರೆ ಒಂದಕ್ಕೆ ಎವೆಯಲ್ಲಿ 'ಡೆಕಾ', ಫೊನ್‌ನಲ್ಲಿ 'ಡೊಕ್ಪೊ'. ನಂಟಸ್ತಿಕೆ ಬೇರೆ, ಅಧೀನತೆ ಬೇರೆ.

ಈಗ ಅಕ್ಷರದ ವಿಚಾರ. ಈ ನುಡಿಗಳಲ್ಲಿ ನಮ್ಮ ದ ಮತ್ತು ಡ ಎರಡೂ ಇವೆ, ಬೇರೆ ಬೇರೆಯಾಗಿಯೇ ಇವೆ. ಎವೆಯಲ್ಲಿ 'ದಾ' ಎಂದರೆ ಹಾವು, 'ಡಾ' ಎಂದರೆ ಅಡುಗೆ ಮಾಡು. ಅವರ ಬರಹದಲ್ಲಿ ದಕಾರಕ್ಕೆ ಸಾದಾ ರೋಮನ್ 'ಡಿ' ಅಕ್ಷರವಿದೆ, ಡಕಾರಕ್ಕೆ ಅದರ ಕಾಲಿಗೆ ಬಲಕ್ಕೆ ಬಾಗಿದ ಬಾಲವಿದೆ. ಇಂಗ್ಲಿಷ್, ಫ್ರೆಂಚ್ ಅಚ್ಚಿನಲ್ಲಿ ಆ ಬಾಲ ಉದುರಿಹೋಗುತ್ತದೆ. ಮುಂದಿನ ತಪ್ಪು ನಮ್ಮದು. ಇಂಗ್ಲಿಷಿನ 'ಡಿ' ಕಂಡಲ್ಲೆಲ್ಲ ಡಕಾರ ಹಾಕುವ ಅಭ್ಯಾಸ ನಮಗಿರುವುದರಿಂದ ಸಾದಾ ದಕಾರವೂ ಡಕಾರವಾಗುತ್ತದೆ. ಈಗಿನ ಬೆನಿನ್‌ನಲ್ಲಿದ್ದ ಫೊನ್ ಜನರ ಹಳೆಯ ರಾಜ್ಯಕ್ಕೆ ನಾವು ಬರೆಯುವ 'ಡಾಹೊಮೆ' ಹೀಗೆ ಹುಟ್ಟಿದ ರೂಪ. ಫೊನ್ ಬರಹದಲ್ಲಿ ಆ ಹೆಸರಿನ ಮೊದಲ ಅಕ್ಷರಕ್ಕೆ ಬಾಲವಿಲ್ಲ, ಆದ್ದರಿಂದ 'ದಾಹೊಮೆ' ಸರಿ. ಮೂಲ ಕಾಗುಣಿತ ಸಿಕ್ಕಾಗ ಬಾಲ ಇದೆಯೇ ಎಂದು ನೋಡಿದರೆ ಸಾಕು, ಅನುಮಾನ ಉಳಿಯುವುದಿಲ್ಲ. ತಕಾರದಲ್ಲಿ ಈ ತೊಡಕೇ ಇಲ್ಲ. ಅಲ್ಲಿ ತ-ಟ ಭೇದವಿಲ್ಲ, ಎಲ್ಲ ಕಡೆ ತ ಬರೆಯಬಹುದು.

ಗ್ಬ, ಕ್ಪ ಎಂದು ನಾವು ಒತ್ತಕ್ಷರದಲ್ಲಿ ಬರೆಯುವುದು ಅವರಿಗೆ ಒಂದೇ ವ್ಯಂಜನ. ಬಕಾರಕ್ಕೆ ಮುಚ್ಚುವಂತೆ ತುಟಿ ಮುಚ್ಚಬೇಕು, ಅದೇ ಹೊತ್ತಿಗೆ ಗಕಾರಕ್ಕೆ ಒತ್ತುವಂತೆ ನಾಲಿಗೆಯ ಹಿಂಭಾಗವನ್ನು ಮೇಲಕ್ಕೆ ಒತ್ತಬೇಕು, ಎರಡನ್ನೂ ಒಟ್ಟಿಗೆ ಬಿಡಬೇಕು. ನಾಲಿಗೆ ಮೊದಲು ಬಿಟ್ಟರೆ 'ಗಬೆ' ಆಗುತ್ತದೆ, ನಾಲಿಗೆ ಒತ್ತದೇ ಹೋದರೆ ಬರೀ 'ಬೆ'. ಫೊನ್ ಜನರ 'ಅಗ್ಬೊಮೆ' ಊರು ಫ್ರೆಂಚರ ನಕ್ಷೆಯಲ್ಲಿ 'ಅಬೊಮೆ' ಆದಾಗ ಗಕಾರದ ಪಾಲು ಹೀಗೆಯೇ ಬಿದ್ದುಹೋಯಿತು. ನಮ್ಮ ಓದಿನಲ್ಲಿ ಇನ್ನೊಂದು ತಪ್ಪು ಆಗುತ್ತದೆ, ಅದು ಛಂದಸ್ಸು ಬಲ್ಲವರಿಗೆ ತಕ್ಷಣ ಹೊಳೆದೀತು. ಒತ್ತಕ್ಷರದ ಹಿಂದಿನ ಅಕ್ಷರ ಕನ್ನಡದಲ್ಲಿ ಗುರು. 'ಅಗ್ಬೆ' (ಜೀವ), 'ಅಕ್ಪೆ' (ಕೃತಜ್ಞತೆ) ಎಂಬ ಎವೆ ಮಾತುಗಳನ್ನು ನಾವು ಅಗ್-ಬೆ, ಅಕ್-ಪೆ ಎಂದು ಒಡೆದು ಓದುತ್ತೇವೆ. ಅವರು ಒಡೆಯುವುದು ಅ-ಗ್ಬೆ, ಅ-ಕ್ಪೆ ಎಂದು, ಅಲ್ಲಿ ಅಕಾರ ಲಘುವಾಗಿಯೇ ಇರುತ್ತದೆ. ಬರೆಯಲು ಬೇರೆ ಉಪಾಯವಿಲ್ಲ, ಒತ್ತಕ್ಷರವೇ ಇರಲಿ. ಸುದ್ದಿ ಓದುವವರಿಗಾದರೂ ಇದು ಗೊತ್ತಿರಬೇಕು.

ಕನ್ನಡ ಲಿಪಿಗೆ ದಕ್ಕದ್ದೂ ಇದೆ. ಸ್ವರದ ಏರಿಳಿತದಿಂದ ಅರ್ಥ ಬದಲಾಗುವ ನುಡಿಗಳಿವು. ಎವೆ ಬರಹದಲ್ಲಿ 'ಮಿ' ಮೇಲೆ ಏರುಗುರುತು ಇದ್ದರೆ 'ನಾವು', ಇಲ್ಲದಿದ್ದರೆ 'ನೀವು'. ಪತ್ರಿಕೆಯಲ್ಲಿ ಅದನ್ನು ತೋರಿಸುವ ಗೋಜು ಬೇಡ. 'ಎವೆ' ಎಂಬ ಹೆಸರಿನ ವಕಾರವನ್ನೂ ಎರಡು ತುಟಿಗಳ ನಡುವೆ ಉಸಿರು ಉಜ್ಜಿ ನುಡಿಯುತ್ತಾರೆ. ಹಲ್ಲು ತುಟಿಗೆ ತಾಗಿಸಿ ಹೇಳಿದರೆ ಅದು 'ಎರಡು' ಎಂಬ ಬೇರೆ ಪದ. ಈ ಭೇದ ನಮ್ಮಲ್ಲಿ ಉಳಿಯದು. ಆದರೂ 'ಈವ್', 'ಇವಿ' ಎಂಬ ರೂಪಗಳಿಗಿಂತ, ನಮ್ಮ ಕಣ್ಣೆವೆಯ ಎವೆಯಂತೆ ಬರೆದರೆ ಎಷ್ಟೋ ಮೇಲು. 'ಫೊನ್' ಹ್ರಸ್ವದಲ್ಲಿ ಇರಲಿ, ದೀರ್ಘವಾದರೆ ದೂರವಾಣಿ ಆಗುತ್ತದೆ. ಟೋಗೊ ಎಂಬ ದೇಶದ ಹೆಸರು ಬೇರೂರಿದೆ, ಅದನ್ನು ಅಲುಗಿಸುವುದು ಬೇಡ.

'ಬರಹವಿಲ್ಲದ ಬುಡಕಟ್ಟು ಭಾಷೆ' ಎಂಬ ವಿಶೇಷಣವನ್ನಂತೂ ದಯವಿಟ್ಟು ಕೈಬಿಡಿ. ಈಗಿನ ಬೆನಿನ್‌ನಲ್ಲಿದ್ದ ಅಲ್ಲಾಡಾ ರಾಜ್ಯದ ಗ್ಬೆ ನುಡಿಯಲ್ಲಿ ಕ್ರೈಸ್ತ ಬೋಧನೆಯ ಪುಸ್ತಕವೊಂದು 1658ರಲ್ಲೇ ಸ್ಪೇನಿನಲ್ಲಿ ಅಚ್ಚಾಗಿದೆ. ಗುಲಾಮರಾಗಿ ಬ್ರೆಜಿಲಿನ ಚಿನ್ನದ ಗಣಿ ಸೀಮೆಗೆ ಸಾಗಿಸಲ್ಪಟ್ಟವರ ಗ್ಬೆ ಮಾತುಗಳನ್ನು ಕೋಸ್ಟಾ ಪೇಶೊಟೊ ಎಂಬ ಪೋರ್ಚುಗೀಸ 1741ರಲ್ಲಿ ಬರೆದಿಟ್ಟ. ಟೋಗೊ 1975ರಲ್ಲಿ ಎವೆಯನ್ನು ಕಾಬಿಯೆ ಎಂಬ ಇನ್ನೊಂದು ನುಡಿಯ ಜೊತೆಗೆ ರಾಷ್ಟ್ರೀಯ ಭಾಷೆಯೆಂದು ಸಾರಿತು.

ಕೊನೆಯದಾಗಿ ಅನುವಾದಕರಿಗೊಂದು ಮಾತು. ಎವೆಯ ಗಾದೆ, ಕತೆಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಒಂದು ಸರ್ವನಾಮ ಸದ್ದಿಲ್ಲದೆ ಮಾಯವಾಗುತ್ತದೆ. ಒಬ್ಬ ಹೊರಟನೆಂದು ಕೋಫಿ ಎಂಬವನು ಹೇಳಿದ ಎನ್ನುವ ಎರಡು ವಾಕ್ಯ ನೋಡಿ. 'ಕೋಫಿ ಬೆ ಯೆ ದ್ಜೊ' ಎಂದರೆ ಹೊರಟವನು ಕೋಫಿಯೇ. 'ಕೋಫಿ ಬೆ ಎ ದ್ಜೊ' ಎಂದರೆ ಹೊರಟವನು ಬೇರೊಬ್ಬ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ಹಿ', ಅದನ್ನು ನಂಬಿ ನಾವು ಎರಡು ಕಡೆಯೂ 'ಅವನು' ಎಂದು ಬರೆದುಬಿಡುತ್ತೇವೆ. ಮೂಲದಲ್ಲಿ 'ಯೆ' ಇರುವಲ್ಲಿ ಹಾಕಬೇಕಾದ ಪದ ಕನ್ನಡದ ಪ್ರತಿ ಮನೆಯಲ್ಲೂ ಬಳಕೆಯಲ್ಲಿದೆ: 'ತಾನು ಹೊರಟೆ ಎಂದು ಕೋಫಿ ಹೇಳಿದ.' ಬಹುವಚನದ 'ಯೆವೊ' ಬಂದರೆ 'ತಾವು'.

ಇತಿ,
ನಿಮ್ಮ ಓದುಗ